ತುಟಿ ಆಪರೇಷನ್ ಆಗಿದೆ, ಗಣೇಶನ ಸೀಸನ್‌ಗೆ ಟ್ರಂಪೆಟ್ ಊದಬಹುದಾ?

ಪ್ರಶ್ನೆ: ನಮಸ್ಕಾರ ಮಾಸ್ಟರ್. ನನಗೆ 34 ವರ್ಷ. ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸ. ಮದುವೆ, ಮೆರವಣಿಗೆ ಸೀಸನ್‌ನಲ್ಲಿ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದುತ್ತೇನೆ. ಕೆಳತುಟಿಯ ಒಳಗೆ, ನಡುವಿನಿಂದ ಸ್ವಲ್ಪ ಎಡಕ್ಕೆ, ನೀರುಗುಳ್ಳೆಯಂಥ ಗಂಟು ಪದೇ ಪದೇ ಬರುತ್ತಿತ್ತು. ಮ್ಯೂಕೋಸೀಲ್ ಅಂತ ಹೇಳಿ ಐದು ವಾರದ ಹಿಂದೆ ಆಪರೇಷನ್ ಮಾಡಿ ತೆಗೆದರು. ಎರಡು ವಾರ ಬಿಟ್ಟು ಎಲ್ಲಾ ಮಾಮೂಲಿ ಮಾಡಬಹುದು ಅಂದಿದ್ದರು. ಈಗ ಊದಿದರೆ ಎಡಗಡೆಯಿಂದ ಗಾಳಿ ಸೋರುತ್ತದೆ. ಸ್ವರ ಒಡೆದು ಎರಡೆರಡಾಗಿ ಕೇಳುತ್ತದೆ. ಮೇಲಿನ ಜಿ ಸ್ವರ ಬರುವುದೇ ಇಲ್ಲ. ಹೊಲಿಗೆ ಹಾಕಿದ ಜಾಗ ಗಟ್ಟಿ, ಸುತ್ತ ಜೋಮು. ಒತ್ತಿ ಹಿಡಿದರೆ ಸ್ವಲ್ಪ ಸರಿಹೋಗುತ್ತದೆ. ಗಣೇಶನ ಹಬ್ಬಕ್ಕೆ ಇನ್ನು ಎಂಟು ವಾರ. ಓನರ್ ಬುಕಿಂಗ್ ಹಿಡಿದಾಗಿದೆ. ಒತ್ತಿ ಊದಿಯೇ ಅಭ್ಯಾಸ ಮಾಡಲಾ? ತುಟಿಗೆ ಇಡುವ ಮೌತ್‌ಪೀಸ್ ಚಿಕ್ಕದು ಹಾಕಲಾ? ಬಲಕ್ಕೆ ಸರಿಸಿ ಊದಲಾ? ನಮ್ಮ ಹಳೇ ಮಾಸ್ಟರ್ ಒಬ್ಬರು ತುಟಿಗೆ ಪಟಿಕ ತಿಕ್ಕು, ಗಟ್ಟಿಯಾಗುತ್ತದೆ ಅನ್ನುತ್ತಾರೆ. ಮಾಡಲಾ?

ಉತ್ತರ: ಒತ್ತಬೇಡಿ. ಈ ಒಂದು ಮಾತು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಾನು ಡಾಕ್ಟರ್ ಅಲ್ಲ, ಬ್ಯಾಂಡ್ ಕಲಿಸುವವನು. ಗಾಯದ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಸರ್ಜನ್‌ದು. ಆದರೆ ‘ಎಲ್ಲಾ ಮಾಮೂಲಿ ಮಾಡಬಹುದು’ ಅಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಊಟ, ಮಾತು, ಹಲ್ಲುಜ್ಜುವುದು. ಲೋಹದ ಬಳೆಯೊಂದನ್ನು ಆ ಜಾಗಕ್ಕೆ ಇಟ್ಟು ಗಂಟೆಗಟ್ಟಲೆ ಗಾಳಿ ತಳ್ಳುವುದು ಇರಲಿಕ್ಕಿಲ್ಲ. ಮುಂದಿನ ಸಲ ತೋರಿಸಲು ಹೋಗುವಾಗ ಟ್ರಂಪೆಟ್ಟನ್ನೂ ತೆಗೆದುಕೊಂಡು ಹೋಗಿ. ಅವರ ಮುಂದೆಯೇ ತುಟಿಗೆ ಇಟ್ಟು ತೋರಿಸಿ. ರಿಮ್, ಅಂದರೆ ಮೌತ್‌ಪೀಸಿನ ಅಂಚು, ಎಲ್ಲಿ ಕೂರುತ್ತದೆ, ಹೊಲಿಗೆ ಎಲ್ಲಿದೆ, ಕಣ್ಣಾರೆ ನೋಡಲಿ. ಆಗ ಬರುವ ಉತ್ತರವೇ ಬೇರೆ. ಬಯಾಪ್ಸಿಗೆ ಕಳಿಸಿದ್ದರೆ ಆ ರಿಪೋರ್ಟನ್ನೂ ಕೇಳಿ ಪಡೆಯಿರಿ. ಮೊದಲಿನ ಕಡೆ ಹೋಗಲು ಇಷ್ಟವಿಲ್ಲದಿದ್ದರೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಕಾರಿ ದಂತ ಕಾಲೇಜಿನಲ್ಲಿ ಬಾಯಿ, ದವಡೆ ಸರ್ಜರಿ ವಿಭಾಗ ಇದೆ. ಅಲ್ಲಿ ತೋರಿಸಬಹುದು.

ಈಗ ನಿಮ್ಮ ತುಟಿಯಲ್ಲಿ ಆಗಿರುವುದು ಏನು? ತುಟಿಯ ಒಳಪದರದ ಕೆಳಗೆ ಸಣ್ಣ ಸಣ್ಣ ಜೊಲ್ಲುಗ್ರಂಥಿಗಳು ಇರುತ್ತವೆ. ಹಲ್ಲು ತಾಗಿಯೋ ಪೆಟ್ಟು ಬಿದ್ದೋ ಒಂದರ ನಾಳ ಹರಿದರೆ ಜೊಲ್ಲು ಹೊರಗೆ ಬರಲಾಗದೆ ಒಳಗೇ ಸೇರಿ ಗುಳ್ಳೆಯಾಗುತ್ತದೆ. ಅದೇ ಮ್ಯೂಕೋಸೀಲ್. ಕೆಳತುಟಿಯಲ್ಲೇ ಜಾಸ್ತಿ. ಮತ್ತೆ ಬರದಿರಲಿ ಅಂತ ಗುಳ್ಳೆಯ ಜೊತೆ ಅಕ್ಕಪಕ್ಕದ ಗ್ರಂಥಿಗಳನ್ನೂ ತೆಗೆಯುತ್ತಾರೆ. ಸಾಮಾನ್ಯವಾಗಿ ಈ ಕೆಲಸ ಸ್ನಾಯುವಿನ ಮೇಲ್ಗಡೆಯೇ ಮುಗಿಯುತ್ತದೆ. ಬಾಯಿ ಸುತ್ತ ಇರುವ ಉಂಗುರದಂಥ ಸ್ನಾಯು, ಅಂದರೆ ನಿಮ್ಮ ನಿಜವಾದ ಬಂಡವಾಳ, ಅದಕ್ಕೆ ಕತ್ತರಿ ಬಿದ್ದಿರುವ ಸಾಧ್ಯತೆ ಕಡಿಮೆ.

ಆ ಸ್ನಾಯುವೇ ಹರಿದರೆ ಕಥೆ ಬೇರೆ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರು ಕೇಳಿರುತ್ತೀರಿ. ಮೇಲಿನ ಸ್ವರಗಳನ್ನು ಒತ್ತಿ ಒತ್ತಿ ಊದಿ ತುಟಿ ಹಾಳಾಗಿ, 1935ರ ಸುಮಾರಿಗೆ ಅವರು ಕೆಲವು ಕಾಲ ಟ್ರಂಪೆಟ್ ಕೆಳಗಿಡಬೇಕಾಯಿತು. ಟ್ರಂಪೆಟ್ ವಾದಕರ ತುಟಿಸ್ನಾಯು ಹರಿಯುವುದಕ್ಕೆ 1982ರಲ್ಲಿ ಒಬ್ಬ ಸರ್ಜನ್ ಅವರ ಅಡ್ಡಹೆಸರನ್ನೇ ಇಟ್ಟು ‘ಸ್ಯಾಚ್ಮೋ ಸಿಂಡ್ರೋಮ್’ ಅಂತ ಬರೆದರು. ನಿಮಗೆ ಆಗಿರುವುದು ಅದಲ್ಲ. ಆದರೆ ನಿಮ್ಮ ಪತ್ರದ ‘ಒತ್ತಿ ಹಿಡಿದರೆ ಸ್ವಲ್ಪ ಸರಿಹೋಗುತ್ತದೆ’ ಅನ್ನುವ ಸಾಲು ಓದಿದಾಗ ಆ ಮನುಷ್ಯನೇ ನೆನಪಾದದ್ದು.

ಗಾಯ ಮೇಲ್ನೋಟಕ್ಕೆ ಒಂದೆರಡು ವಾರದಲ್ಲಿ ಮುಚ್ಚುತ್ತದೆ. ಒಳಗಿನ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಮೂರನೇ ವಾರದ ಹೊತ್ತಿಗೆ ಆ ಜಾಗಕ್ಕೆ ಮೊದಲಿನ ಬಲದ ಕಾಲುಭಾಗ ಬಂದಿದ್ದರೆ ಹೆಚ್ಚು. ಮೂರು ತಿಂಗಳಿಗೆ ಮುಕ್ಕಾಲು ದಾಟುತ್ತದೆ. ಪೂರ್ತಿ ನೂರಕ್ಕೆ ನೂರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಐದನೇ ವಾರ ಅಂದರೆ ಗಾಯದ ಕಲೆ ಅತ್ಯಂತ ಗಟ್ಟಿಯಾಗಿ, ಕೈಗೆ ಗಂಟಿನಂತೆ ಸಿಗುವ ಕಾಲ. ಆಮೇಲೆ ಮೆತ್ತಗಾಗುತ್ತಾ ಹೋಗುತ್ತದೆ. ಕೆಲವರಿಗೆ ಒಂದು ವರ್ಷದವರೆಗೂ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಈಗಿನ ತುಟಿ ನೋಡಿ ‘ನನ್ನ ಊದುವಿಕೆ ಮುಗೀತು’ ಅಂತ ಲೆಕ್ಕ ಹಾಕಬೇಡಿ.

ಜೋಮಿಗೆ ಕಾರಣ ಅಲ್ಲಿನ ಸಣ್ಣ ನರಗಳಿಗೆ ಆದ ಪೆಟ್ಟು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಕೆಲವು ವಾರದಿಂದ ಕೆಲವು ತಿಂಗಳು ಹಿಡಿಯುತ್ತದೆ. ನಡುವೆ ಇರುವೆ ಹರಿದಂತೆ, ಕರೆಂಟ್ ಚುಚ್ಚಿದಂತೆ ಆದರೆ ಹೆದರಬೇಡಿ. ಸಾಮಾನ್ಯವಾಗಿ ಅದು ಸ್ಪರ್ಶ ವಾಪಸ್ ಬರುತ್ತಿರುವ ಗುರುತು.

ನಮ್ಮ ಕಸುಬಿಗೆ ಬರೋಣ. ಓಲಗದಲ್ಲಿ ತುದಿಗೆ ಸಿಕ್ಕಿಸಿದ ಪೀಪಿ ನಡುಗುತ್ತದೆ, ಹಾಳಾದರೆ ಇನ್ನೊಂದು ಹಾಕಿಕೊಳ್ಳಬಹುದು. ಟ್ರಂಪೆಟ್‌ನಲ್ಲಿ ನಡುಗುವುದು ತುಟಿಯೇ. ನೀವು ಕೆಳಗಿನ ಸಿ ಊದಿದಾಗ ಅದು ಸೆಕೆಂಡಿಗೆ ಸುಮಾರು 233 ಸಲ ತೆರೆದು ಮುಚ್ಚುತ್ತದೆ. ನಡುವಿನ ಸಿಗೆ 466. ನಿಮಗೆ ಈಗ ಸಿಗದ ಮೇಲಿನ ಜಿಗೆ ಹತ್ತಿರ ಹತ್ತಿರ 700. ಒಂದು ಪಕ್ಕ ಮೆತ್ತಗೆ, ಇನ್ನೊಂದು ಪಕ್ಕ ಗಟ್ಟಿ ಇದ್ದರೆ ಎರಡೂ ಒಂದೇ ಲಯದಲ್ಲಿ ನಡುಗುವುದಿಲ್ಲ. ಸ್ವರ ಎರಡೆರಡಾಗಿ ಒಡೆಯುವುದು ಅದಕ್ಕೇ. ಒಂದು ಸಮಾಧಾನ ಏನೆಂದರೆ ಬಹುತೇಕ ವಾದಕರಲ್ಲಿ ಜಾಸ್ತಿ ಕುಣಿಯುವುದು ಮೇಲ್ತುಟಿ. ನಿಮ್ಮದು ಕೆಳತುಟಿ.

ಕಲೆ ಎಲ್ಲಿದೆ ಅನ್ನುವುದರ ಮೇಲೆ ದಾರಿ ನಿಂತಿದೆ. ಕನ್ನಡಿ ಮುಂದೆ ನಿಂತು ಮೌತ್‌ಪೀಸ್ ಇಟ್ಟು, ತೆಗೆದು, ಬಿದ್ದ ಗುರುತು ನೋಡಿ. ಕಲೆ ಗುರುತಿನ ಒಳಗಿದ್ದರೆ ತೊಂದರೆ ನಡುಗುವುದರಲ್ಲಿ. ಕಾಲ ಕಳೆದಂತೆ ಅದು ತಾನಾಗಿ ಸುಧಾರಿಸುತ್ತದೆ, ನೀವು ಕಾಯಬೇಕು. ಕಲೆ ಸರಿಯಾಗಿ ರಿಮ್ ಕೆಳಗೇ ಬಂದರೆ ತೊಂದರೆ ಒತ್ತಡದ್ದು. ಅಲ್ಲಿ ಹುಷಾರು, ಏಕೆಂದರೆ ಒಂದು ಕಡೆ ಲೋಹ, ಇನ್ನೊಂದು ಕಡೆ ಹಲ್ಲು, ನಡುವೆ ಹೊಸ ಚರ್ಮ. ಕಲೆ ಗುರುತಿನ ಹೊರಗೆ, ಬಾಯಿಯ ಮೂಲೆಯ ಕಡೆ ಇದ್ದರೆ ತೊಂದರೆ ಹಿಡಿತದ್ದು, ಗಾಳಿ ಸೋರುವುದು ಅಲ್ಲಿಂದ. ನೀವು ಹೇಳುವ ಲಕ್ಷಣ ನೋಡಿದರೆ ಕಲೆ ರಿಮ್ಮಿನ ಒಳಅಂಚಿಗೆ ತಾಗಿಕೊಂಡಿದೆ ಅನ್ನಿಸುತ್ತದೆ, ಜೊತೆಗೆ ಜೋಮಿನಿಂದ ಎಡಮೂಲೆ ಸಡಿಲ ಆಗುತ್ತಿರುವುದು ನಿಮಗೆ ಗೊತ್ತಾಗುತ್ತಿಲ್ಲ.

ಒತ್ತಿದರೆ ಸರಿಹೋಗುವುದು ಏಕೆ ಗೊತ್ತಾ? ಸಡಿಲ ಮೂಲೆ ಮಾಡಬೇಕಾದ ಕೆಲಸವನ್ನು ನಿಮ್ಮ ಎಡಗೈ ಮಾಡುತ್ತಿದೆ. ಸೋರುವ ಜಾಗವನ್ನು ಲೋಹದಿಂದ ಅದುಮಿ ಮುಚ್ಚುತ್ತಿದ್ದೀರಿ. ಅಲ್ಲಿ ರಕ್ತ ಓಡಾಡುವುದಿಲ್ಲ, ತುಟಿ ಬೇಗ ಸೋಲುತ್ತದೆ, ಸೋತ ತುಟಿಗೆ ಇನ್ನೂ ಒತ್ತು ಬೇಕಾಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಮುಂದೆ ಇದೆ. ಗಾಯ ಮಾಗುತ್ತದೆ, ನರ ವಾಪಸ್ ಬರುತ್ತದೆ, ಆದರೆ ಈ ಮೂರು ತಿಂಗಳಲ್ಲಿ ಕಲಿತ ಒತ್ತುವ ಚಾಳಿ ಹೋಗುವುದಿಲ್ಲ. ಆಪರೇಷನ್ ಆದ ಮೇಲೆ ಊದುವುದು ಕೆಟ್ಟವರನ್ನು ನೋಡಿದ್ದೇನೆ. ಕೆಟ್ಟದ್ದು ಕಲೆಯಿಂದ ಅಲ್ಲ. ಕಲೆ ತಪ್ಪಿಸಲು ತಲೆ ವಾಲಿಸಿ, ದವಡೆ ಸರಿಸಿ, ಅದುಮಿ ಊದಿ, ಕಲೆ ಮೆತ್ತಗಾದ ಮೇಲೂ ಹಾಗೇ ಊದುತ್ತಾ ಉಳಿದವರು ಅವರು. ಹಾಗಾಗಿ ನಿಮ್ಮ ಈ ಎಂಟು ವಾರದ ಗುರಿ ಮೇಲಿನ ಜಿ ಅಲ್ಲ. ಹಳೆಯ ಜಾಗದಲ್ಲಿ, ಹಳೆಯ ಕೋನದಲ್ಲಿ, ಕಡಿಮೆ ಒತ್ತಿನಲ್ಲಿ ಕೆಳಗಿನ ಸ್ವರಗಳು ಸಲೀಸಾಗಿ ಬರುವುದು.

ಮೊದಲ ಕೆಲವು ದಿನ ಟ್ರಂಪೆಟ್ ಮುಟ್ಟದೆ ಮಾಡಿ. ತುಟಿ ಸಡಿಲ ಬಿಟ್ಟು ಕುದುರೆ ಮಾಡುವ ಹಾಗೆ ಬ್ರ್ರ್ ಅಂತ ಬಡಿಸಿ, ಒಂದು ನಿಮಿಷ ಸಾಕು. ಎಡಪಕ್ಕ ಬಡಿಯದೆ ಸುಮ್ನೆ ಇದ್ದರೆ ಇರಲಿ, ಬಲವಂತ ಬೇಡ. ಆಮೇಲೆ ಕನ್ನಡಿ ಮುಂದೆ ಮೂಲೆ ಬಿಗಿ ಹಿಡಿದು, ನಡುಭಾಗ ಸಡಿಲ ಬಿಟ್ಟು, ‘ಮ್’ ಅಂತ ತುಟಿ ಮುಚ್ಚಿ ಐದು ಎಣಿಸುವಷ್ಟು ಹೊತ್ತು ಇರಿ. ಕನ್ನಡಿ ಏಕೆಂದರೆ ಎಡಗಡೆ ಬಿಗಿಯಾಗಿದೆಯಾ ಅಂತ ಜೋಮು ಹಿಡಿದ ತುಟಿ ನಿಮಗೆ ಹೇಳುವುದಿಲ್ಲ, ಕಣ್ಣು ಹೇಳುತ್ತದೆ.

ವಾದ್ಯ ಕೈಗೆತ್ತಿಕೊಂಡ ದಿನ ಶುರು ಮಾಡಬೇಕಾದ್ದು ಸ್ಟಾಫಿನ, ಅಂದರೆ ಸ್ವರ ಬರೆಯುವ ಐದು ಗೆರೆಗಳ, ಎರಡನೇ ಗೆರೆಯ ಜಿಯಿಂದ. ಅಲ್ಲಿಂದ ಕೆಳಗಿನ ಸಿಗೆ ಸ್ಲರ್ ಮಾಡಿ, ಅಂದರೆ ನಾಲಿಗೆ ತಾಗಿಸದೆ ಒಂದೇ ಉಸಿರಿನಲ್ಲಿ, ಇಳಿಯಿರಿ, ಮತ್ತೆ ಹತ್ತಿ. ಇದು ಪಿಸ್ಟನ್, ಅಂದರೆ ಬೆರಳಿನಿಂದ ಒತ್ತುವ ಗುಂಡಿ, ಒತ್ತದೆ. ಆಮೇಲೆ ಇದನ್ನೇ ಎರಡನೇ ಪಿಸ್ಟನ್, ಮೊದಲನೇದು, ಒಂದು ಮತ್ತು ಎರಡು, ಎರಡು ಮತ್ತು ಮೂರು, ಒಂದು ಮತ್ತು ಮೂರು, ಕೊನೆಗೆ ಮೂರೂ. ಪ್ರತಿ ಸಲ ಅರ್ಧ ಸ್ವರ ಕೆಳಗೆ ಇಳಿಯುತ್ತೀರಿ. ಸೇನೆಯ ಬ್ಯಾಂಡ್ ಆಗಲಿ, ಪೊಲೀಸ್ ಬ್ಯಾಂಡ್ ಆಗಲಿ, ಶಿಸ್ತಾಗಿ ಕಲಿತವರಿಗೆಲ್ಲ ಇದು ಮೊದಲ ತಿಂಗಳ ಪಾಠ. ಬೇಜಾರಾಗುತ್ತದೆ, ನಿಜ. ಆದರೂ ಇದಕ್ಕಿಂತ ಒಳ್ಳೆಯ ಔಷಧಿ ನನಗೆ ಗೊತ್ತಿಲ್ಲ.

ಎಷ್ಟು ಜೋರಾಗಿ? ಇಲ್ಲಿ ಬಹಳ ಜನ ಎಡವುತ್ತಾರೆ. ಗಾಯ ಆಗಿದೆ, ಮೆಲ್ಲಗೆ ಊದೋಣ ಅಂತ ಪಿಸುಮಾತಿನಷ್ಟು ಸಣ್ಣಗೆ ಊದುತ್ತಾರೆ. ಸಣ್ಣ ದನಿಗೆ ತುಟಿಯ ಹತೋಟಿ ಜಾಸ್ತಿ ಬೇಕು. ಅದೇ ಈಗ ನಿಮ್ಮ ಹತ್ತಿರ ಇಲ್ಲ. ಸ್ವರ ಹುಟ್ಟದಿದ್ದಾಗ ಕೈ ತಾನಾಗಿ ಒತ್ತುತ್ತದೆ. ರೂಮಿನಲ್ಲಿ ಇಬ್ಬರು ಮಾತಾಡುವಷ್ಟು ದನಿ ಇರಲಿ, ಗಾಳಿ ಧಾರಾಳವಾಗಿ ಹೋಗಲಿ. ಬಾಯಿಯಿಂದ ಗಾಳಿ ಸೋರಿದರೂ ಮೊದಲ ಎರಡು ವಾರ ಸೋರಲಿ ಬಿಡಿ. ಅದನ್ನು ನಿಲ್ಲಿಸಬೇಕಾದ್ದು ಮೂಲೆ, ಮೌತ್‌ಪೀಸ್ ಅಲ್ಲ.

ಹೊತ್ತಿನ ಲೆಕ್ಕ ಹೀಗೆ: ಮೂರು ನಿಮಿಷ ಊದಿ, ಮೂರು ನಿಮಿಷ ಕೆಳಗಿಡಿ. ಮೊದಲ ವಾರ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ದಾಟಬೇಡಿ. ಮರುದಿನ ಬೆಳಿಗ್ಗೆ ತುಟಿ ಬಾತಿರದಿದ್ದರೆ, ನೋವಿಲ್ಲದಿದ್ದರೆ, ಎರಡು ಮೂರು ದಿನಕ್ಕೊಮ್ಮೆ ಐದು ನಿಮಿಷ ಸೇರಿಸಿ. ಬಾತಿದ್ದರೆ ಒಂದು ದಿನ ಪೂರ್ತಿ ಬಿಡಿ, ಹಿಂದಿನ ಲೆಕ್ಕಕ್ಕೆ ವಾಪಸ್ ಬನ್ನಿ. ನಡುವಿನ ಸಿಗಿಂತ ಮೇಲೆ ಮೂರು ವಾರ ಹೋಗಬೇಡಿ. ನೋವಿನ ಮಾತ್ರೆ ನುಂಗಿ ಊದಬೇಡಿ, ಮರಗಟ್ಟಿಸುವ ಜೆಲ್ ಹಚ್ಚಿಯಂತೂ ಬೇಡವೇ ಬೇಡ. ಸಾಕು ಅಂತ ಹೇಳುವುದು ನೋವೊಂದೇ, ಅದರ ಬಾಯಿ ಕಟ್ಟಬೇಡಿ.

ಒತ್ತುತ್ತಿದ್ದೀರಾ ಇಲ್ಲವಾ ಅಂತ ತಿಳಿಯಲು ಒಂದು ಉಪಾಯ. ಬಲಗೈ ಕಿರುಬೆರಳನ್ನು ಟ್ರಂಪೆಟ್ ಮೇಲಿನ ಕೊಕ್ಕೆಯಿಂದ ತೆಗೆದುಬಿಡಿ. ಆ ಕೊಕ್ಕೆ ಇರುವುದು ಪುಟ ತಿರುಗಿಸುವಾಗ ಒಂದು ಕೈಯಲ್ಲಿ ಹಿಡಿಯಲು ಅಂತ ನಾನು ನನ್ನ ಹುಡುಗರಿಗೆ ಹೇಳುತ್ತೇನೆ. ಊದುವಾಗ ಬೆರಳು ಅಲ್ಲಿದ್ದರೆ ಅದು ವಾದ್ಯವನ್ನು ತುಟಿಗೆ ಎಳೆಯುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಎಡಗೈ ಹಿಡಿತವನ್ನೂ ಸಡಿಲ ಮಾಡಿ. ಊದಿ ಇಳಿಸಿದ ಮೇಲೆ ಬಳೆಯ ಗುರುತು ಸ್ವಲ್ಪ ಹೊತ್ತಿಗೆ ಮಾಯವಾಗಬೇಕು. ಅರ್ಧ ಗಂಟೆ ಆದರೂ ಕೆಂಪಗೆ ಅಚ್ಚೊತ್ತಿದಂತೆ ಇದ್ದರೆ ಜಾಸ್ತಿ ಒತ್ತಿದ್ದೀರಿ.

ಮೌತ್‌ಪೀಸ್ ಚಿಕ್ಕದು ಹಾಕುವುದು ಉಲ್ಟಾ ಸಲಹೆ. ಬ್ಯಾಂಡ್‌ಸೆಟ್‌ನಲ್ಲಿ ಎಲ್ಲರ ಹತ್ತಿರ ಇರುವ 7ಸಿ ಅಳತೆಯ ಮೌತ್‌ಪೀಸಿನ ಒಳ ಅಗಲ ಸುಮಾರು 16 ಮಿಲಿಮೀಟರ್. ಇನ್ನೂ ಕಿರಿದಾದರೆ ರಿಮ್ ನೇರ ಕಲೆಯ ಮೇಲೆ ಬಂದು ಕೂರುತ್ತದೆ. ಈಗಿನದರಲ್ಲೇ ರಿಮ್ ಕಲೆಗೆ ತಾಗುತ್ತಿದ್ದರೆ ಚೂರು ಅಗಲದ, ಅಂಚು ದುಂಡಗಿರುವ ಒಂದನ್ನು ಸ್ನೇಹಿತರಿಂದ ಪಡೆದು, ಬಿಸಿನೀರು ಸೋಪು ಹಾಕಿ ತೊಳೆದು ನೋಡಿ. ಇಲ್ಲದಿದ್ದರೆ ಹಳೆಯದೇ ಇರಲಿ. ಒಂದೇ ಸಲಕ್ಕೆ ತುಟಿ, ಮೌತ್‌ಪೀಸ್ ಎರಡೂ ಬದಲಾದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ರಿಮ್ ಮೇಲೆ ಉಗುರು ಓಡಿಸಿ ನೋಡಿ, ಎಲ್ಲಾದರೂ ತೊಡರಿದರೆ, ಬೆಳ್ಳಿ ಪ್ಲೇಟಿಂಗ್ ಹೋಗಿ ಹಿತ್ತಾಳೆ ಕಾಣುತ್ತಿದ್ದರೆ, ಹೊಸ ಚರ್ಮಕ್ಕೆ ಅದು ಆಗದು. ಮೀರತ್‌ನಿಂದ ಬರುವ ಅಗ್ಗದ ಟ್ರಂಪೆಟ್ ಜೊತೆಗೆ ಕೊಡುವ ಮೌತ್‌ಪೀಸುಗಳನ್ನು ವರ್ಷಗಟ್ಟಲೆ ಹಾಗೇ ಓಡಿಸುವವರಿದ್ದಾರೆ. ನೀವು ಈ ಸಲ ಖರ್ಚು ಮಾಡಿ.

ಬಲಕ್ಕೆ ಸರಿಸುವುದೂ ಈಗ ಬೇಡ. ಹಲ್ಲಿನ ಸಾಲು ನೋಡಿಕೊಂಡು ನಡುವಿನಿಂದ ಪಕ್ಕಕ್ಕೆ ಇಟ್ಟು ಚೆನ್ನಾಗಿ ಊದುವವರು ಬೇಕಾದಷ್ಟಿದ್ದಾರೆ, ಅದು ತಪ್ಪಲ್ಲ. ಆದರೆ ಜೋಮು ಇರುವಾಗ ಸರಿಸಿದರೆ ಅದು ಆಯ್ಕೆಯಲ್ಲ, ಓಡಿಹೋಗುವುದು. ಸ್ಪರ್ಶ ಪೂರ್ತಿ ಬಂದು, ಕಲೆ ಮೆತ್ತಗಾಗಿ, ಆಗಲೂ ಎಡಗಡೆ ತೊಡಕಿದ್ದರೆ ಒಂದೆರಡು ಮಿಲಿಮೀಟರ್ ಆಚೀಚೆ ಮಾಡಿ ನೋಡೋಣ.

ಕಲೆಯನ್ನು ತಿಕ್ಕಿ ಮೆತ್ತಗೆ ಮಾಡಬಹುದು. ಗಾಯ ಪೂರ್ತಿ ಮುಚ್ಚಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಮಾತ್ರ. ಕೈ ತೊಳೆದು, ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ ಇಟ್ಟು, ಗಟ್ಟಿ ಜಾಗವನ್ನು ನಿಧಾನವಾಗಿ ಸುತ್ತು ಸುತ್ತಾಗಿ ಉರುಳಿಸಿ. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ ಐದು ನಿಮಿಷ. ಬಸ್ಸಿನಲ್ಲಿ ಕೂತು ಮಾಡಬೇಡಿ, ಕೈ ಕೊಳೆ ಇರುತ್ತದೆ.

ಇನ್ನೊಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಎಲೆ ಅಡಿಕೆ, ಗುಟ್ಕಾ, ಬೀಡಿ ಇದೆಯಾ? ಬ್ಯಾಂಡ್‌ನವರಲ್ಲಿ ಇದು ಎಷ್ಟು ಅಂತ ನನಗೆ ಗೊತ್ತು. ರಾತ್ರಿಯೆಲ್ಲಾ ನಿಲ್ಲಬೇಕು, ಮಧ್ಯೆ ಒಂದು ಪೊಟ್ಟಣ ಬಾಯಿಗೆ. ತಂಬಾಕು ಗಾಯ ಮಾಗುವುದನ್ನು ತಡೆಯುತ್ತದೆ. ಸುಣ್ಣ ಒಳಚರ್ಮ ಸುಡುತ್ತದೆ. ಅಡಿಕೆ ಇನ್ನೂ ಕೆಟ್ಟ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಅಗಿದವರ ಕೆನ್ನೆ, ತುಟಿಯ ಒಳಪದರದಲ್ಲಿ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅದು ಕ್ಯಾನ್ಸರಿಗೂ ದಾರಿ. ಡಾಕ್ಟರು ತೆಗೆದ ಗುಳ್ಳೆಯಿಂದ ನಿಮ್ಮ ಟ್ರಂಪೆಟ್ ನಿಲ್ಲುವುದಿಲ್ಲ. ಗುಟ್ಕಾದಿಂದ ನಿಲ್ಲಬಹುದು. ಇದ್ದರೆ ಇವತ್ತೇ ಬಿಡಿ.

ಗಣೇಶನ ವಿಷಯ. ಎಂಟು ವಾರದ ಹೊತ್ತಿಗೆ ನಿಮಗೆ ಆಪರೇಷನ್ ಆಗಿ ಮೂರು ತಿಂಗಳು ಆಗಿರುತ್ತದೆ. ಎಲ್ಲಾ ಸರಿ ನಡೆದರೆ ಊದಬಹುದು, ಆದರೆ ಲೀಡ್, ಅಂದರೆ ಮೇಲಿನ ಸ್ವರದ ಮುಖ್ಯ ಪಾಲು, ಬೇಡ. ಸೆಕೆಂಡ್ ಟ್ರಂಪೆಟ್ ತೆಗೆದುಕೊಳ್ಳಿ, ಕೆಳಗಿನ ಸ್ವರ ಹಿಡಿಯಿರಿ. ಯುಫೋನಿಯಂ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ಊದಲು ಬರುತ್ತದಾದರೆ ಇನ್ನೂ ಒಳ್ಳೆಯದು. ಅದರ ಮೌತ್‌ಪೀಸ್ 25 ಮಿಲಿಮೀಟರ್ ಆಸುಪಾಸು, ನಿಮ್ಮ ಕಲೆ ಪೂರ್ತಿ ಒಳಗೇ ಉಳಿದು ರಿಮ್ ಹೊರಗೆ ಕೂರುತ್ತದೆ. ಬೆಂಗಳೂರಲ್ಲಿ ಗಣೇಶ ಒಂದೇ ದಿನಕ್ಕೆ ಮುಗಿಯುವುದಿಲ್ಲವಲ್ಲ. ಒಂದೊಂದು ಏರಿಯಾದವರು ಒಂದೊಂದು ಭಾನುವಾರ ಅಂತ ವಾರಗಟ್ಟಲೆ ಕೂರಿಸುತ್ತಾರೆ, ಬಿಡುತ್ತಾರೆ. ಮೊದಲ ವಾರದ ಬುಕಿಂಗ್ ಬೇರೆಯವರಿಗೆ ಬಿಟ್ಟು ಕೊನೆಯ ಮೆರವಣಿಗೆಗಳಿಗೆ ಬರುತ್ತೇನೆ ಅಂತ ಓನರ್ ಹತ್ತಿರ ಈಗಲೇ ಹೇಳಿ. ಹಬ್ಬದ ಹಿಂದಿನ ದಿನ ಹೇಳಿದರೆ ಅವರಿಗೆ ಸಿಟ್ಟು ಬರುವುದು ನ್ಯಾಯವೇ.

ಮೆರವಣಿಗೆಯಲ್ಲಿ ಎರಡು ಅಪಾಯ. ಒಂದು, ಪಕ್ಕದಲ್ಲಿ ತಮಟೆ, ಹಿಂದೆ ಡಿಜೆ. ನಿಮ್ಮ ಸ್ವರ ನಿಮಗೇ ಕೇಳದೆ ಜೋರು ಮಾಡುತ್ತಾ ಹೋಗುತ್ತೀರಿ, ಅರ್ಧ ಗಂಟೆಯಲ್ಲಿ ತುಟಿ ಸತ್ತಿರುತ್ತದೆ. ಕಿವಿಗೆ ಪ್ಲಗ್ ಹಾಕಿಕೊಳ್ಳಿ. ನಿಮ್ಮ ದನಿ ತಲೆಬುರುಡೆಯ ಒಳಗಿನಿಂದ ಸ್ವಲ್ಪ ಕೇಳುತ್ತದೆ, ಜೋರು ತಾನಾಗಿ ಇಳಿಯುತ್ತದೆ. ಎರಡು, ನಮ್ಮ ರಸ್ತೆ. ನಡೆಯುತ್ತಾ ಊದುವಾಗ ಗುಂಡಿಗೆ ಕಾಲಿಟ್ಟರೆ, ಹಂಪ್ ಎಡವಿದರೆ, ಯಾರಾದರೂ ಕುಣಿಯುತ್ತಾ ಬಂದು ಟ್ರಂಪೆಟ್‌ನ ಅಗಲ ಬಾಯಿಗೆ ತಾಗಿದರೆ ಮೌತ್‌ಪೀಸ್ ನೇರ ಹಲ್ಲಿಗೆ ಬಡಿಯುತ್ತದೆ, ನಡುವೆ ಇರುವುದು ಅದೇ ತುಟಿ. ಈ ವರ್ಷ ನಿಂತಲ್ಲಿ ಮಾತ್ರ ಊದಿ. ನಡೆಯುವಾಗ ವಾದ್ಯ ಕಂಕುಳಲ್ಲಿ ಇರಲಿ.

ಕೆಲವು ಲಕ್ಷಣ ಕಂಡರೆ ನನ್ನ ಉತ್ತರ ಪಕ್ಕಕ್ಕಿಟ್ಟು ಡಾಕ್ಟರ್ ಹತ್ತಿರ ಹೋಗಿ: ಅದೇ ಜಾಗದಲ್ಲಿ ಮತ್ತೆ ಮೆತ್ತನೆಯ, ನೀಲಿಛಾಯೆಯ ಗುಳ್ಳೆ, ರಕ್ತ ಅಥವಾ ಕೀವು, ಎರಡು ವಾರವಾದರೂ ಮಾಗದ ಹುಣ್ಣು, ಜೋಮು ಕಡಿಮೆಯಾಗುವ ಬದಲು ಗದ್ದದ ಕಡೆ ಹರಡುವುದು. ನೋವೇ ಇಲ್ಲದೆ ಊದುವಾಗ ಮಾತ್ರ ತುಟಿ ತಾನಾಗಿ ಸೆಟೆದು ಎಳೆದುಕೊಂಡರೆ ಅದು ಬೇರೆ ಕಾಯಿಲೆ, ಸರ್ಜನ್ ಅಲ್ಲ, ನರರೋಗ ತಜ್ಞರು ನೋಡಬೇಕು. ನಿಮ್ಹಾನ್ಸ್‌ಗೆ ಹೋಗಿ.

ಕೊನೆಯದಾಗಿ ಪಟಿಕ. ಬೇಡ. ಕ್ಷೌರ ಆದ ಮೇಲೆ ರಕ್ತ ನಿಲ್ಲಿಸಲು ಹಚ್ಚುವುದು ಅದು, ಚರ್ಮವನ್ನು ಬಿಗಿದು ಒಣಗಿಸುತ್ತದೆ. ಗಟ್ಟಿ ತುಟಿ ಒಳ್ಳೆಯ ತುಟಿ ಅನ್ನುವ ನಂಬಿಕೆ ಹಳಬರಲ್ಲಿ ಇತ್ತು. ನಡುಗಬೇಕಾದ ಜಾಗ ಗಟ್ಟಿಯಾಗಿ ಏನು ಪ್ರಯೋಜನ? ಆ ಹಿರಿಯರ ಮೇಲೆ ಗೌರವ ಇಟ್ಟುಕೊಳ್ಳಿ, ಪಟಿಕ ಮಾತ್ರ ಬಚ್ಚಲಲ್ಲೇ ಇರಲಿ. ರಾತ್ರಿ ಮಲಗುವಾಗ ಹೊರತುಟಿಗೆ ಒಂದು ಚೂರು ತುಪ್ಪವನ್ನೋ ವ್ಯಾಸಲೀನನ್ನೋ ಹಚ್ಚಿ. ಬೆಳಿಗ್ಗೆ ಊದುವ ಮೊದಲು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ, ಇಲ್ಲದಿದ್ದರೆ ರಿಮ್ ಜಾರುತ್ತದೆ, ಜಾರುವುದನ್ನು ನಿಲ್ಲಿಸಲು ಮತ್ತೆ ಒತ್ತುತ್ತೀರಿ.